ಗೌರಕ್ಕ ಒತ್ತದ ಹೆಬ್ಬೆಟ್ಟು

ಕೆರೆ ಒಡೆದದ್ದು ಹಾಡಹಗಲಲ್ಲಿ. ಎಪ್ಪತ್ತೇಳರ ಕಾರ್ತಿಕದಲ್ಲಿ ಹಿಡಿದ ಸೈಕ್ಲೋನ್ ಮಳೆ ನಾಲ್ಕು ದಿನ ಬಿಟ್ಟಿರಲಿಲ್ಲ. ಏರಿಯಲ್ಲಿ ನೀರು ಜಿನುಗುತ್ತಿದೆ ಎಂದು ಬೋರನಹಟ್ಟಿಯವರು ಎರಡು ವರ್ಷದಿಂದ ಅರ್ಜಿ ಕೊಟ್ಟು ಸುಸ್ತಾಗಿದ್ದರು. ಯಾರೂ ಬಂದು ನೋಡಿರಲಿಲ್ಲ. ಕೊನೆಗೆ ಗೌರಕ್ಕನ ಗಂಡ ಓಬಳಪ್ಪ ಕುರಿಗಳನ್ನು ಗುಡ್ಡಕ್ಕೆ ಅಟ್ಟಿ, ಆರು ಜನರನ್ನು ಕಟ್ಟಿಕೊಂಡು, ಮರಳಿನ ಮೂಟೆ ಹೊತ್ತು ಏರಿ ಹತ್ತಿದ. ಮಧ್ಯಾಹ್ನಕ್ಕೆ ಏರಿಯೇ ಕುಸಿಯಿತು. ಹಟ್ಟಿಯ ನಲವತ್ತು ಮನೆಗಳಲ್ಲಿ ಒಂದೂ ನಿಲ್ಲಲಿಲ್ಲ. ಅವನ ಜೊತೆ ಏರಿ ಹತ್ತಿದ್ದ ಆರು ಜನರ ಹೆಣಗಳು ಸಿಕ್ಕವು. ಓಬಳಪ್ಪ ಸಿಗಲಿಲ್ಲ.

ಬದುಕುಳಿದವರು ಪಕ್ಕದೂರಿನ ಸ್ಕೂಲಿನ ಎರಡು ಕೋಣೆ ಸೇರಿದರು. ಏಳು ತಿಂಗಳಾದ ಮೇಲೆ ಸರ್ಕಾರ ದಿಣ್ಣೆಯ ಮೇಲೆ ಸೈಟು ಹಂಚಿತು. ಪಟ್ಟಿಯಲ್ಲಿದ್ದದ್ದು ಓಬಳಪ್ಪನ ಹೆಸರು.

"ಯಜಮಾನ ಬಂದು ಹೆಬ್ಬೆಟ್ಟು ಒತ್ಲಿ ಕಣಮ್ಮ" ಎಂದ ತಾಲೂಕು ಕಚೇರಿಯ ಗುಮಾಸ್ತ ರೇಣುಕಯ್ಯ.

"ಅವ್ನು ಕೆರೆ ಪಾಲಾದ ಸ್ವಾಮಿ."

"ಹೆಣ ಎಲ್ಲಿ? ಹೆಣ ಇಲ್ದೆ ಸತ್ತ ಅಂತ ಬರಿಯಾಕಾಗಲ್ಲ. ಏಳು ವರ್ಷ ಕಾಯ್ಬೇಕು. ಎಲ್ಲಾನ ಓಡೋಗಿದ್ರೆ?"

ಗೌರಕ್ಕನ ಮೈಯೆಲ್ಲ ಉರಿದುಹೋಯಿತು. ಬಳೆ ತೆಗೆಯಬೇಕೋ ಬೇಡವೋ ಎಂದು ಹಟ್ಟಿಯ ಹೆಂಗಸರು ಪಿಸುಗುಡುತ್ತಿದ್ದರು. ಅತ್ತೆ ಪುಟ್ಟಕ್ಕ ಮಗನ ಪಾಲಿನ ಮುದ್ದೆಯನ್ನು ದಿನವೂ ಎತ್ತಿಡುತ್ತಿದ್ದಳು. ಅದನ್ನು ಕಂಡರೂ ಗೌರಕ್ಕನಿಗೆ ಸಿಟ್ಟು.

ಅವಳು ಕಾಗದಕ್ಕೆ ಕಾಯಲಿಲ್ಲ. ದಿಣ್ಣೆಯ ತುದಿಯಲ್ಲಿ ತಾನೇ ಪಾಯ ತೋಡಿದಳು. ಹಟ್ಟಿಯವರ ಮನೆ ಕಟ್ಟಲು ಸಿರಾದಿಂದ ಬಂದಿದ್ದ ಗಾರೆ ಕೆಲಸದ ಗುಲಾಮ್ ಮೊಹಿದ್ದೀನ್ ಹೆದರಿದ. "ಕಾಗ್ಜ ಇಲ್ದೆ ಕಟ್ಟಿದ್ರೆ ಬಂದು ಕೆಡವ್ತಾರಕ್ಕ."

"ಏರಿ ನೋಡಾಕೆ ಬರದೋರು ಗೋಡೆ ಕೆಡವಾಕೆ ಬತ್ತಾರಾ? ಬರ್ಲಿ. ನೀನು ಕಟ್ಟಣ್ಣ."

ಗೋಡೆಗೆ ಮಣ್ಣು ತರಲು ಇಬ್ಬರೂ ಕೆರೆ ಕೆಳಗಿನ ಹಳ್ಳಕ್ಕಿಳಿದರು. ಮೂರನೇ ದಿನ ಹಾರೆಗೆ ಮೂಳೆ ಸಿಕ್ಕಿತು. ಸೊಂಟದ ಮೂಳೆಗೆ ಬೆಳ್ಳಿ ಉಡಿದಾರ ಸುತ್ತಿಕೊಂಡಿತ್ತು, ಮದುವೆಯಲ್ಲಿ ಅವಳಪ್ಪ ಅಳಿಯನಿಗೆ ಹಾಕಿದ್ದು. ಮೊಹಿದ್ದೀನ್ ಹಾರೆ ಕೆಳಗಿಟ್ಟು ತಲೆಗೆ ಟವೆಲ್ ಹಾಕಿಕೊಂಡ. ಗೌರಕ್ಕ ಅಳಲಿಲ್ಲ. ಮೂಳೆಗಳನ್ನು ಒಂದೊಂದಾಗಿ ಆರಿಸಿ ಮಂಕರಿಗೆ ತುಂಬಿ, ಮೇಲೆ ಕಂಬಳಿ ಹೊದಿಸಿ, ಬಸ್ಸು ಹತ್ತಿದಳು.

ಕಚೇರಿ ತುಂಬ ಜನ. ಅವಳು ನೇರವಾಗಿ ಹೋಗಿ ರೇಣುಕಯ್ಯನ ಮೇಜಿನ ಮೇಲೆ ಮಂಕರಿ ಇಳಿಸಿ ಕಂಬಳಿ ಎಳೆದಳು.

"ಯಜಮಾನ ಬಂದವ್ನೆ. ಒತ್ತಿಸ್ಕಳಿ ಹೆಬ್ಬೆಟ್ಟು."

ರೇಣುಕಯ್ಯ ಎದ್ದ ರಭಸಕ್ಕೆ ಕುರ್ಚಿ ಮಗುಚಿತು. ಗದ್ದಲ ಕೇಳಿ ತಹಸೀಲ್ದಾರರು ಹೊರಗೆ ಬಂದರು. ಪೊಲೀಸರು ಬಂದರು, ಮಹಜರು ಆಯಿತು. ಮೂಳೆ ವಾಪಸು ಸಿಕ್ಕ ದಿನವೇ ಪುಟ್ಟಕ್ಕ ಮಗನನ್ನು ಮಣ್ಣು ಮಾಡಿಸಿ, ಎದೆ ಬಡಿದುಕೊಂಡು ಅತ್ತಳು.

ಎರಡು ತಿಂಗಳಿಗೆ ರೇಣುಕಯ್ಯನೇ ಹಕ್ಕುಪತ್ರ ಹಿಡಿದು ದಿಣ್ಣೆಗೆ ಬಂದ. ಅಷ್ಟರಲ್ಲಿ ಗೋಡೆ ಎದೆಮಟ್ಟ ಎದ್ದಿತ್ತು.

"ಓದ್ರಿ" ಎಂದಳು ಗೌರಕ್ಕ.

ಅವನು ಓದಿದ: "ಸದರಿ ಓಬಳಪ್ಪ ಆಕಸ್ಮಿಕವಾಗಿ ಕಾಲು ಜಾರಿ ನೀರಿಗೆ ಬಿದ್ದು ಮೃತನಾಗಿದ್ದು..."

"ನಿಲ್ಸಿ. ಅವ್ನು ಜಾರಿ ಬಿದ್ನಾ? ನೀವು ಬರ್ನಿಲ್ಲ ಅಂತ ಏರಿ ಕಾಯಾಕೆ ಹೋಗಿ ಸತ್ತ. ಅಂಗೇ ಬರೀರಿ."

"ಅಂಗೆಲ್ಲ ಬರಿಯಾಕಾಗಲ್ಲಮ್ಮ. ನನ್ ಕೆಲ್ಸ ಹೋಯ್ತದೆ."

"ನನ್ ಗಂಡ ಹೋದ್ನಲ್ಲ!"

ಪುಟ್ಟಕ್ಕ ಸೊಸೆಯ ಕೈ ಹಿಡಿದಳು. "ಒತ್ಬುಡೇ. ತಲೆ ಮ್ಯಾಲೆ ಸೂರು ಮುಖ್ಯ."

ಗೌರಕ್ಕ ಕೈ ಬಿಡಿಸಿಕೊಂಡಳು. ಹಟ್ಟಿಯ ಉಳಿದವರೆಲ್ಲ ತಮ್ಮ ತಮ್ಮ ಪತ್ರಗಳಿಗೆ ಒತ್ತಿದ್ದರು; ಅವರನ್ನು ಅವಳು ಏನೂ ಅನ್ನಲಿಲ್ಲ. ತಾನು ಮಾತ್ರ ಒತ್ತಲಿಲ್ಲ. ರೇಣುಕಯ್ಯ ಕಾಗದ ಮಡಿಸಿಕೊಂಡು ಬಸ್ಸಿಗೆ ನಡೆದ.

ಮೊಹಿದ್ದೀನ್ ದೀಪಾವಳಿಗೆ ಮುಂಚೆ ಹೆಂಚು ಹೊದಿಸಿಕೊಟ್ಟ. ಮನೆಯನ್ನು ಯಾರೂ ಕೆಡವಲಿಲ್ಲ. ಯಾವತ್ತಾದರೂ ಕೆಡವಿಯಾರು ಎಂಬ ಭಯವೂ ಹೋಗಲಿಲ್ಲ. ಒತ್ತುವರಿ ಮಾಡಿದ್ದೀರಿ ಎಂದು ವರ್ಷಕ್ಕೊಂದು ನೋಟೀಸು ಬರುತ್ತಿತ್ತು. ಗೌರಕ್ಕ ಅದನ್ನು ಯಾರಿಂದಲಾದರೂ ಓದಿಸುತ್ತಿದ್ದಳು. ಓಬಳಪ್ಪ ಹೇಗೆ ಸತ್ತನೆಂದು ಅದರಲ್ಲಿ ಬರೆದಿದೆಯೇ ಎಂದು ಕೇಳಿ, ಇಲ್ಲವೆಂದರೆ ಒಲೆಗೆ ಹಾಕುತ್ತಿದ್ದಳು.