ತೆಯೋಫಿಲಾ ಅಜ್ಜಿಯ ಪೆಟ್ಟಿಗೆ

ನಿಕನೋರ್ ಬೀಗ ಹಿಡಿದು ನಮ್ಮ ಮರಗೆಲಸದ ಶೆಡ್ಡಿನ ಬಾಗಿಲಿಗೆ ಬಂದಾಗ ನಾನು ಹಲಗೆಗೆ ಮರಳುಕಾಗದ ಉಜ್ಜುತ್ತಿದ್ದೆ. ತಲೆ ಎತ್ತಲಿಲ್ಲ. ಅವನು ನನ್ನ ಮಗಳ ದೀಕ್ಷಾಸ್ನಾನದಲ್ಲಿ ಧರ್ಮಪಿತನಾಗಿ ನಿಂತವನು. ಪೆಟೇನ್ ಕಾಡಿನ ನಮ್ಮೂರಲ್ಲಿ ಅಂಥ ನಂಟಿನವರು ಗಂಡಸಾದರೆ 'ಕೊಂಪಾದ್ರೆ', ಹೆಂಗಸಾದರೆ 'ಕೊಮಾದ್ರೆ' ಎಂದು ಮರ್ಯಾದೆಯಿಂದ ಕರೆದುಕೊಳ್ಳಬೇಕು, ಜಗಳ ಆಡಕೂಡದು. ಮರ್ಯಾದೆಯನ್ನಂತೂ ನಾನು ಬಿಟ್ಟಿರಲಿಲ್ಲ.

"ಕೊಮಾದ್ರೆ, ಸಂಘದ ತೀರ್ಮಾನ ಆಗಿದೆ. ಕೊಂಬೆ, ಬೊಡ್ಡೆ ಎಲ್ಲ ಹೊತ್ತು ತರೋದು ಡೀಸೆಲ್ ದಂಡ. ಕೊಳ್ಳೋರಿಗೆ ಬೇಕಾಗಿರೋದು ನೆಟ್ಟಗಿರೋ ದಿಮ್ಮಿ. ಇವತ್ತಿಂದ ಶೆಡ್ ಬಂದ್."

"ತೀರ್ಮಾನ ಮಾಡಿದ್ದು ಯಾರು, ಕೊಂಪಾದ್ರೆ? ಗರಗಸ ಹಿಡಿಯೋ ಗಂಡಸರು ತಾನೆ? ನಮ್ಮನ್ನ ಒಂದು ಮಾತು ಕೇಳಿದ್ರಾ?"

ಅವನು ಬಾಗಿಲ ಚಿಲಕ ಎಳೆದು ನೋಡಿದ.

ಕಾಡಿನ ಹಕ್ಕು ಇಡೀ ಊರಿನದು, ಅದನ್ನು ನೋಡಿಕೊಳ್ಳುವುದು ಸಂಘ. ಕಡಿಯುವ ತಂಡಕ್ಕೆ ನಿಕನೋರ್ ಯಜಮಾನ. ಮಹಾಗನಿಯನ್ನು ಸೊಂಟದ ಎತ್ತರಕ್ಕೇ ಕೊಯ್ದು ಕೆಡವುತ್ತಾನೆ. ಅತಿ ಚಂದದ ಮರ ಇರುವುದು ಬುಡದಲ್ಲಿ. ಅದು ಸಿಗಬೇಕಾದರೆ ಮಂಡಿಯೂರಿ ಕೊಯ್ಯಬೇಕು. "ನಾನು ಮಂಡಿಯೂರೋದು ಇಗರ್ಜಿಯಲ್ಲಿ ಮಾತ್ರ" ಎಂದು ಜಂಬ ಕೊಚ್ಚುತ್ತಾನೆ. ಉಳಿದವರೂ ಅವನನ್ನೇ ನೋಡಿ ಕಲಿತರು. ಅವರು ಕೊಳೆಯಲು ಬಿಟ್ಟುಬಂದ ಬೊಡ್ಡೆ, ಕೊಂಬೆಗಳನ್ನು ಸಂಘದ ಲಾರಿಯಲ್ಲಿ ತರಿಸಿಕೊಂಡು ನಾವು ನಾಲ್ಕಾರು ಹೆಂಗಸರು ಕುರ್ಚಿ, ಬಟ್ಟಲು ಮಾಡಿ ಬದುಕುತ್ತೇವೆ. ಶೆಡ್ ಮುಚ್ಚಿದರೆ ಮತ್ತೆ ಕಾಡಲ್ಲಿ ಬಗ್ಗಿ ಬಗ್ಗಿ ಹೂಗುಚ್ಛಕ್ಕೆ ಕಟ್ಟುವ ಎಲೆ ಕೀಳುವ ಕೂಲಿ. ಸತ್ತರೂ ನಾನು ಹೋಗುವವಳಲ್ಲ.

"ಸುಮ್ನೆ ಹಟ ಮಾಡಬೇಡಿ. ಹೊರಗೆ ಬನ್ನಿ, ಬೀಗ ಹಾಕಬೇಕು" ಎಂದ.

"ಹಾಕೋ! ನಾನೂ ಒಳಗೇ ಇರ್ತೀನಿ."

ಹಾಗೆಂದದ್ದು ನಾನಲ್ಲ. ದನಿ ಬಂದದ್ದು ಮೂಲೆಯಲ್ಲಿದ್ದ ಹೆಣದ ಪೆಟ್ಟಿಗೆಯಿಂದ. ನಿಕನೋರನ ಕೈಯಿಂದ ಬೀಗ ಜಾರಿ ಮರದ ಹೊಟ್ಟಿನೊಳಗೆ ಬಿತ್ತು. ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡ.

ಪೆಟ್ಟಿಗೆಯಲ್ಲಿ ಅಂಗಾತ ಮಲಗಿದ್ದವಳು ಅವನ ತಾಯಿ, ತೆಯೋಫಿಲಾ ಅಜ್ಜಿ. ಅಳತೆ ಸರಿಯಿದೆಯೋ ನೋಡಲು ಬೆಳಿಗ್ಗೆಯೇ ಬಂದು ಮಲಗಿದವಳು ಹಾಗೇ ನಿದ್ದೆ ಹೋಗಿದ್ದಳು.

"ಅಮ್ಮಾ! ಏನಿದು ಅಪಶಕುನ? ಊರಲ್ಲಿ ಜನ ಏನಂತಾರೆ? ಏಳು ಮೇಲೆ!"

"ನಿಮ್ಮಪ್ಪನ್ನ ಹೊತ್ಕೊಂಡು ಹೋದಾಗ ಜನ ಏನಂದ್ರು, ನೆನಪಿದ್ಯಾ?"

ಯಾರು ಮರೆತಾರು? ಲಾರಿಗಟ್ಟಲೆ ಮಹಾಗನಿ ಊರು ದಾಟುತ್ತದೆ, ಊರಿನ ಹೆಣಗಳಿಗೆ ಮಾತ್ರ ಪಟ್ಟಣದಿಂದ ತಂದ, ಹೊಟ್ಟು ಒತ್ತಿ ಮಾಡಿದ ಹಲಗೆಯ ಪೆಟ್ಟಿಗೆ. ಕಳೆದ ಮಳೆಗಾಲ ನಿಕನೋರನ ಅಪ್ಪನ ಪೆಟ್ಟಿಗೆ ನೆನೆದು ಉಬ್ಬಿ, ಸ್ಮಶಾನದ ದಾರಿಯಲ್ಲೇ ತಳ ಕಳಚಿಕೊಂಡಿತು. ನಲವತ್ತು ವರ್ಷ ಮರ ಕಡಿದ ಮನುಷ್ಯನ ಕಾಲು ಕೆಸರಿಗೆ ಬಿತ್ತು. ಇವತ್ತಿಗೂ ನೆನೆದರೆ ನನ್ನ ಮೈ ಉರಿಯುತ್ತದೆ.

"ಹಳ್ಳದ ಪಕ್ಕ ನೀನು ಕಡಿದು ಬಿಟ್ಟುಬಂದ ಮರದ್ದು ಈ ಪೆಟ್ಟಿಗೆ" ಎಂದಳು ಅಜ್ಜಿ. "ತಳ ಬೊಡ್ಡೆದು, ಪಕ್ಕ ಕೊಂಬೆದು. ನಿನ್ನ ಕೊಮಾದ್ರೆ ಓಬ್ದೂಲಿಯಾ ತುಂಡು ತುಂಡು ಸೇರಿಸಿ ಕೂರಿಸಿದ್ದಾಳೆ. ಒದ್ದು ನೋಡು, ಅಲ್ಲಾಡಲ್ಲ. ನಿನಗೆ ಕಸ ಅನ್ನಿಸಿದ್ದು ನನ್ನ ಮನೆ ಕಣೋ. ಹಾಕು ಬೀಗ."

"ಸಂಘಕ್ಕೆ ನಾನು ಏನಂತ ಹೇಳಲಿ?"

"ನಮ್ಮಮ್ಮ ಒಳಗಿದ್ದಳು ಅಂತ ಹೇಳಿ, ಕೊಂಪಾದ್ರೆ" ಎಂದೆ ನಾನು.

ಅವನು ತಾಯಿಯನ್ನು ಎಬ್ಬಿಸಲು ಕೈ ಚಾಚಿದ. ಎಟುಕಲಿಲ್ಲ. ಪೆಟ್ಟಿಗೆ ನೆಲದ ಮೇಲಿತ್ತು, ಮುದುಕಿ ತಾನಾಗಿ ಒಂದಿಂಚೂ ಏಳಲಿಲ್ಲ. ಕೊನೆಗೆ ನಿಕನೋರ್ ಹೊಟ್ಟಿನಲ್ಲಿ ಎರಡೂ ಮಂಡಿಯೂರಿ, ಬಗ್ಗಿ, ತಾಯಿಯನ್ನು ತೋಳಲ್ಲಿ ಎತ್ತಿಕೊಂಡ.

ಅವನು ಎದ್ದು ನಿಲ್ಲುವ ಮೊದಲೇ ಅಜ್ಜಿ ಅವನ ಮಂಡಿಯ ಮೇಲೆ ತಟ್ಟಿದಳು. "ನೋಡಿದ್ಯಾ, ಬಗ್ಗುತ್ತೆ. ನಾಳೆ ಮರದ ಬುಡದಲ್ಲೂ ಹೀಗೇ ಬಗ್ಗು."

ಅವನು ತಾಯಿಯನ್ನು ಹೊತ್ತುಕೊಂಡೇ ಮನೆಗೆ ನಡೆದ. ಬೀಗ ಹೊಟ್ಟಿನಲ್ಲೇ ಬಿದ್ದಿತ್ತು. ನಾನು ಕೂಗಿ ನೆನಪಿಸಲಿಲ್ಲ.