ಮುಖಪುಟದಲ್ಲಿ ಜಾಗ

"ಈ ಮುಂಡೇನ ಕೆತ್ತು ಅಂತ ಯಾವನ್ಲಾ ಹೇಳ್ದೋನು ನಿಂಗೆ?" ಸಾವುಕಾರ ಚೆಲುವಯ್ಯ ಮರದ ಅಚ್ಚನ್ನು ಖಾಸಿಮನ ಮೂಗಿಗೇ ಹಿಡಿದ.

ಮಹಾರಾಜರ ಸರ್ಕಾರ ಬೆಂಗಳೂರಿನ ಮ್ಯೂಸಿಯಂನಲ್ಲಿ ಚನ್ನಪಟ್ಟಣದ ಬೊಂಬೆಗಳ ಪ್ರದರ್ಶನ ಇಟ್ಟಿತ್ತು. ಜನರನ್ನು ಕರೆಯಲು ಹಂಚುವ ಪುಸ್ತಕದ ಮುಖಪುಟಕ್ಕೆ ಅಚ್ಚು ಕೆತ್ತುವ ಕೆಲಸ ಖಾಸಿಮನದು. ಅವನು ದಿನಾ ಕಂಡದ್ದನ್ನೇ ಕೆತ್ತಿದ್ದ: ಉಳಿ ಹಿಡಿದ ತಾನು, ಎದುರಿಗೆ ಹಗ್ಗ ಎಳೆದು ಮರ ತಿರುಗಿಸುವ ಹೆಂಡತಿ ಖುರ್ಷಿದಾ. ಇಪ್ಪತ್ತು ವರ್ಷ ಎಳೆದೂ ಎಳೆದೂ ಅವಳ ಬಲಭುಜ ವಾಲಿತ್ತು. ಅಚ್ಚಿನಲ್ಲೂ ವಾಲಿತ್ತು. ಬೊಂಬೆ ಮಾಡುವವನು ಗಂಡ, ಮಾರುವವನು ಸಾವುಕಾರ. ಅವಳನ್ನು ಎಂದೂ ಯಾರೂ ಲೆಕ್ಕಕ್ಕೆ ತೆಗೆದುಕೊಂಡದ್ದಿಲ್ಲ. ಅಚ್ಚು ನೋಡಿದ ದಿನ ಖುರ್ಷಿದಾ ಖುಷಿಗೆ ಅತ್ತುಬಿಟ್ಟಿದ್ದಳು. ಈಗ ಹಗ್ಗ ಹಿಡಿದು ಅಲ್ಲೇ ಕೂತಿದ್ದಳು.

"ಅಲ್ಲಿ ನಾನ್ ಕೂರ್ಬೇಕು. ಜರಿಪೇಟ ಸುತ್ಕಂಡು." ಚೆಲುವಯ್ಯ ಅಚ್ಚಿನಲ್ಲಿ ಅವಳಿದ್ದ ಕಡೆ ಬೆರಳಿಟ್ಟ.

"ಆಗಾಕಿಲ್ಲ ಸಾವುಕಾರ್ರೆ. ಒಂದ್ ಕಿತ ಕೆತ್ತುದ್ ಮ್ಯಾಕೆ..."

"ಜಾಗ ನಾನೇ ಮಾಡ್ಕೊಡ್ತೀನಿ ತಡಿ." ಚೆಲುವಯ್ಯ ಉಳಿ ಕಿತ್ತುಕೊಂಡು ಅಚ್ಚಿನಲ್ಲಿದ್ದ ಖುರ್ಷಿದಾಳ ಮುಖ, ಭುಜ, ಕೈ ಎಲ್ಲವನ್ನೂ ತೋಡಿ ಹಾಕಿದ. ಉಳಿ ಬಿಸಾಡಿ, "ಊಂ, ಈಗ ನನ್ನ ಕೆತ್ತು. ಅಚ್ಚು ಒಯ್ಯಾಕೆ ಬಂಡಿ ಕಾಯ್ತಾ ಐತೆ" ಎಂದ.

ಖಾಸಿಂ ಅಚ್ಚಿಗೆ ಮಸಿ ಬಳಿದು, ಕಾಗದ ಒತ್ತಿ ಎತ್ತಿ ತೋರಿಸಿದ. ಉಳಿದ ಮರವಷ್ಟೇ ಕಪ್ಪಾಗಿ ಮೂಡಿತ್ತು. ತೋಡಿದ ಕಡೆ ಬರೀ ಬಿಳಿ. ಇಲ್ಲದ ಮರದಲ್ಲಿ ಯಾರನ್ನು ಕೆತ್ತುವುದು? ದುಡ್ಡೇ ದೊಡ್ಡಪ್ಪ ಅನ್ನುತ್ತಾರೆ. ಆ ದೊಡ್ಡಪ್ಪನಿಗೆ ಕೆತ್ತನೆ ಗೊತ್ತಿರಬೇಕಲ್ಲ.

"ನನ್ ತಾವ್ಲೇ ಆಟ ಆಡ್ತೀಯೇನ್ಲಾ, ಸೂಳೇಮಗನೆ!"

ಚೆಲುವಯ್ಯ ಉಳಿ ಬಡಿಯುವ ಕೊಡತಿ ಎತ್ತಿ ಖಾಸಿಮನ ಬಲಗೈ ಮೇಲೆ ಬಿಟ್ಟ. ಒಂದಲ್ಲ, ಮೂರು ಸಲ. ಬೆರಳುಗಳು ಗಾಣದಿಂದ ಬಂದ ಕಬ್ಬಿನ ಸಿಪ್ಪೆಯಾದವು. ಖಾಸಿಂ ಕೈ ಅವಚಿಕೊಂಡು ಗೋಡೆಗೆ ಕುಸಿದ.

"ಮುಖ ಬ್ಯಾಡ, ನನ್ ಹೆಸ್ರಾರ ಕೆತ್ತು! ಎಡಗೈ ಐತಲ್ಲ!" ಚೆಲುವಯ್ಯ ಕೊಡತಿ ಎಸೆದು, ತಾನು ತೋಡಿದ ಜಾಗದ ಮೇಲೆ ಅಂಗೈ ಬಡಿದ.

ಖುರ್ಷಿದಾಳ ಸಿಟ್ಟು ನೆತ್ತಿಗೇರಿತು. ಉಳಿ ಎತ್ತಿಕೊಂಡಳು, ಕೊಡತಿಯನ್ನೂ ಎತ್ತಿಕೊಂಡಳು. ಒಂದೇ ಏಟು. ಉಳಿ ಅವನ ಅಂಗೈ ದಾಟಿ ಮರಕ್ಕೆ ಇಳಿಯಿತು.

"ಪುಸ್ತಕದಾಗೆ ಜಾಗ ಬೇಕಂತಿದ್ದಲ್ಲ, ತಗಳ್ಳಾ!"

ಚೆಲುವಯ್ಯನ ಅರಚಾಟ ಬೀದಿಗೆಲ್ಲ ಕೇಳಿತು. ಬಾಗಿಲಿಗೆ ಬಂದ ಬಂಡಿಯವನು, "ಬುಡವ್ವಾ, ಸತ್ತೋಯ್ತಾನೆ" ಎಂದ.

ಖುರ್ಷಿದಾ ಗಂಡನ ಕೈಯನ್ನೊಮ್ಮೆ ನೋಡಿದಳು. ಇನ್ನೂ ಎರಡು ಏಟು ಬಾಕಿಯಿತ್ತು. ಕೊಡತಿ ಮೇಲೆತ್ತಿದಳು.