ಹೆಲ್ಮ್‌ಡೌನಿನಲ್ಲಿ ಆಡಿದ ಒಂದು ಮಾತು

ಹೋಗುವ ಮನುಷ್ಯ ಹೋಗುತ್ತೇನೆ ಎಂದೇ ಹೇಳಿಬಿಟ್ಟಿದ್ದರೆ ನಮ್ಮ ಮನೆಗೆ ಆ ಕಾಗದ ಬರುತ್ತಲೇ ಇರಲಿಲ್ಲ.

ನನ್ನ ಗಂಡ ಸೋಮಶೇಖರ ಈ ಡಚ್ಚರ ದೇಶದಲ್ಲಿ ಆರು ವರ್ಷ ಹೆಲ್ಮ್‌ಡೌನ್ ಕಾರ್ ರೇಸ್ ಸರ್ಕ್ಯೂಟಿನಲ್ಲಿ ಎಂಜಿನಿಯರ್ ಆಗಿದ್ದರು. ಸಮುದ್ರದ ಮಗ್ಗುಲಲ್ಲಿ, ಮರಳುದಿಬ್ಬಗಳ ನಡುವೆ ಸುತ್ತುವ ನಾಲ್ಕು ಕಿಲೋಮೀಟರ್ ಡಾಂಬರು. ಅದರಲ್ಲಿ ಎಲ್ಲಿ ಬಿರುಕು ಬಿಟ್ಟಿತು, ಎಲ್ಲಿ ಉಬ್ಬಿತು ಎಂದು ನೋಡಿಕೊಳ್ಳುವುದೇ ಅವರ ಕೆಲಸ. ಜಗತ್ತಿನ ಅರ್ಧ ಜನ ಆ ಡಾಂಬರನ್ನು ಟಿ.ವಿ.ಯಲ್ಲಿ ನೋಡಿದ್ದಾರೆ. ನಾನು ನೋಡಿದ್ದು ಆಮ್ಸ್ಟೆಲ್‌ವೀನಿನ ನಮ್ಮ ಮನೆಯ ವಾಷಿಂಗ್ ಮಷಿನ್ನಿನ ತಳದಲ್ಲಿ ಕೂತ ಅಲ್ಲಿನ ಮರಳನ್ನು ಮಾತ್ರ.

ವರ್ಷಕ್ಕೊಮ್ಮೆ ಒಂದು ದೊಡ್ಡ ಅಂತಾರಾಷ್ಟ್ರೀಯ ರೇಸು. ಅದರ ಮೂರು ದಿನದ ಗಳಿಕೆಯಲ್ಲೇ ಸರ್ಕ್ಯೂಟಿನ ಇಡೀ ವರ್ಷದ ಊಟ. ಆ ರೇಸು ಇನ್ನು ಮುಂದೆ ಇಲ್ಲಿಗೆ ಬರುವುದಿಲ್ಲ ಎಂದು ಗೊತ್ತಾದದ್ದೇ ತಡ, ಪ್ರಾಯೋಜಕರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಅವರ ಹಿಂದೆ ಕೆಲಸಗಾರರೂ ಹೊರಟರು. ನನ್ನ ಗಂಡನಿಗೆ ರಾಟರ್‌ಡ್ಯಾಮ್ ಬಂದರಿನಲ್ಲಿ, ಕಂಟೇನರ್ ಇಳಿಸುವ ಅಂಗಳಗಳ ನೆಲ ನೋಡಿಕೊಳ್ಳುವ ಕೆಲಸ ಸಿಕ್ಕಿತು. ನಾನೇ ಬೆನ್ನು ಬಿದ್ದು ಅರ್ಜಿ ಹಾಕಿಸಿದ್ದೆ. ಯಾಕೆ ಹಾಕಿಸಬಾರದು? ಈ ದೇಶದಲ್ಲಿ ನಮ್ಮ ಮೂವರ ವಾಸದ ಪರವಾನಗಿ ನಿಂತಿರುವುದೇ ಅವರ ಕೆಲಸದ ಮೇಲೆ. ಸೆಪ್ಟೆಂಬರಿನಲ್ಲಿ ಸೇರಿದರು. ಎರಡು ತಿಂಗಳು ಪ್ರೊಬೇಶನ್, ಅಷ್ಟರೊಳಗೆ ಬೇಡ ಅನ್ನಿಸಿದರೆ ಕಂಪನಿ ಕಾರಣ ಕೊಡದೆ ಕಳಿಸಬಹುದು.

ಅಕ್ಟೋಬರಿನ ಒಂದು ಶನಿವಾರ ಆ ಕಾಗದ ಬಂತು. ಸರ್ಕ್ಯೂಟ್ ಇರುವ ಊರಿನ ಪುರಸಭೆಯದು. ನಮ್ಮ ಮಗಳು ಶ್ರಾವ್ಯ ಒಡೆದು ಓದಿದಳು. ಒಂಬತ್ತು ವರ್ಷದ ಹುಡುಗಿಗೆ ನಮ್ಮಿಬ್ಬರಿಗಿಂತ ಚೆನ್ನಾಗಿ ಡಚ್ ಬರುತ್ತದೆ.

"ಪಪ್ಪಾ, ಆರ್ ಯೂ ಗೋಯಿಂಗ್ ಬ್ಯಾಕ್ ಟು ದ ಸರ್ಕ್ಯೂಟ್? ಫ್ರಮ್ ಜನವರಿ ಅಂತ ಇದೆ."

ಸರ್ಕ್ಯೂಟಿನ ಸಾಲಕ್ಕೆ ಪುರಸಭೆ ಜಾಮೀನು ನಿಲ್ಲಬೇಕೋ ಬೇಡವೋ ಎಂದು ಗುರುವಾರ ಮತದಾನ. ಸರ್ಕ್ಯೂಟಿನವರು ಕೊಟ್ಟ ಯೋಜನೆಯಲ್ಲಿ ಜನವರಿಯಿಂದ ಟ್ರ್ಯಾಕ್ ಎಂಜಿನಿಯರ್ ಎಂದು ಇವರ ಹೆಸರಿದೆ; ತಾವು ಸಭೆಗೆ ಬಂದು ನಾಲ್ಕು ಮಾತಾಡಬೇಕು ಎಂದು ಕರೆದಿದ್ದರು. ಪುರಸಭೆಯ ಕಾಗದ ಇಲ್ಲಿ ಗುಟ್ಟಲ್ಲ, ಇವತ್ತಲ್ಲ ನಾಳೆ ಯಾರು ಬೇಕಾದರೂ ಓದಬಹುದು. ರಾಟರ್‌ಡ್ಯಾಮಿನವರೂ.

"ರೀ, ಏನ್ ಹೇಳಿ ಬಂದೀರಿ ಅಲ್ಲೆ?"

"ನಾ ಏನೂ ಹೇಳಿಲ್ಲ. ಕಡೀ ದಿನ ಬಾಗಲದಾಗ ನಿಂತು 'ಬರ್ತೀನ್ರಿ' ಅಂದೆ, ಅಷ್ಟ."

"ಯಾವ ಭಾಷಾದಾಗ ಅಂದ್ರಿ?"

"ಡಚ್ಚಿನ್ಯಾಗ. ಇಕ್ ಕೊಮ್ ತೆರುಖ್. ವಾಪಸ್ ಬರ್ತೀನಿ ಅಂತ."

ಹಣೆ ಹಣೆ ಬಡಿದುಕೊಂಡೆ. ನಾವು ಯಾರ ಮನೆಯಿಂದ ಎದ್ದರೂ 'ಹೋಗ್ತೀನಿ' ಅನ್ನುವುದಿಲ್ಲ, 'ಬರ್ತೀನಿ' ಅನ್ನುತ್ತೇವೆ. ಅದಕ್ಕೆ ಅರ್ಥ ಹುಡುಕುವವರು ಯಾರು? ಈ ಡಚ್ಚರು ಹುಡುಕುತ್ತಾರೆ. ವಾಪಸು ಬರುತ್ತೇನೆ ಎಂದರೆ ಯಾವ ತಾರೀಖು ಎಂದು ಡೈರಿ ತೆಗೆಯುವ ಜನ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಫೋನ್ ಮಾಡಿ ಒಲ್ಲೆ ಅನ್ರಿ."

"ಹಾರ್ಮ್‌ಗ ಒಲ್ಲೆ ಅನ್ನಾಕ ನನಗ ಬಾಯಿ ಬರೂದಿಲ್ಲ ವಾಸಂತಿ."

"ಹಂಗಾರ ನಾ ಅಂತೀನಿ. ನಡೀರಿ."

ಹಾರ್ಮ್ ಅಲ್ಲಿನ ಟ್ರ್ಯಾಕಿನ ಮುಖ್ಯಸ್ಥರು. ಹದಿನೇಳನೇ ವಯಸ್ಸಿಗೆ ಗೇಟಿನಲ್ಲಿ ಟಿಕೆಟ್ ಹರಿಯಲು ಸೇರಿ, ಅರವತ್ತಮೂರಾದರೂ ಅದೇ ಗೇಟಿನೊಳಗೆ ಇದ್ದವರು. ಮೊದಲ ವರ್ಷ ಇವರಿಗೆ ಚಳಿಗಾಲದ ಬೂಟು ಕೊಡಿಸಿದ್ದೂ ಅವರೇ. ಅದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ ದಾರಿಯುದ್ದಕ್ಕೂ ಸಿಟ್ಟನ್ನು ಆರದಂತೆ ಕಾಯ್ದುಕೊಂಡು ಹೋದೆ.

ಗೇಟಿನಲ್ಲಿ ಯಾರೂ ಇರಲಿಲ್ಲ. ಪ್ರೇಕ್ಷಕರಿಗೆಂದು ಬಾಡಿಗೆಗೆ ತಂದಿದ್ದ ಆಸನಗಳ ಸಾಲುಗಳನ್ನು ಬಿಚ್ಚಿಕೊಂಡು ಹೋಗಿದ್ದರು, ನೆಲದಲ್ಲಿ ಬರೀ ಗುಂಡಿಗಳು. ಗಾಳಿಗೆ ಹಾರಿದ ಮರಳು ಡಾಂಬರಿನ ಮೇಲೆ ಪಾದ ಮುಳುಗುವಷ್ಟು ಕೂತಿತ್ತು.

"ಯಾರೂ ಕಸಾನ ಹೊಡದಿಲ್ಲ ನೋಡು," ಎಂದರು ಇವರು. ಎಂಜಿನ್ ಆರಿಸಿದರು, ಇಳಿಯಲಿಲ್ಲ. ನಾನೊಬ್ಬಳೇ ಒಳಗೆ ಹೋದೆ.

ಹಾರ್ಮ್ ಆಫೀಸಿನೊಳಗೂ ಕೋಟು ಹಾಕಿಕೊಂಡು ಕೂತಿದ್ದರು. ಹೀಟರ್ ಹಾಕಿರಲಿಲ್ಲ. ಕಾಫಿ ಕೊಟ್ಟರು, ಬಿಸ್ಕತ್ತಿನ ಡಬ್ಬಿ ತೆರೆದರು. ತಲಾ ಒಂದು ಕೊಟ್ಟು ತಟ್ಟನೆ ಮುಚ್ಚುವುದು ಈ ಜನರ ಪದ್ಧತಿ. ಅವತ್ತು ಡಬ್ಬಿ ತೆರೆದೇ ಉಳಿಯಿತು. ನಾನು ಕಲಿತ ಡಚ್ಚನ್ನೆಲ್ಲ ಒಟ್ಟುಮಾಡಿ ವಿಷಯ ಹೇಳಿದೆ: ಅದು ನಮ್ಮಲ್ಲಿ ಹೊರಡುವಾಗ ಆಡುವ ಮಾತು, ಅಷ್ಟೇ. ಅವರು ಬರುವುದಿಲ್ಲ.

"ಗೊತ್ತು," ಎಂದರು ಹಾರ್ಮ್.

ನಾನು ಕಾಫಿ ಕಪ್ಪು ಕೆಳಗಿಟ್ಟೆ.

"ಮೊದಲು ನಿಜವೆಂದೇ ನಂಬಿದ್ದೆ. ಆಮೇಲೆ ನೆನಪಾಯಿತು, ಅವರು ದಿನಾ ಸಂಜೆ ಮನೆಗೆ ಹೊರಡುವಾಗಲೂ ಹಾಗೇ ಅನ್ನುತ್ತಿದ್ದರು."

"ಮತ್ತೆ ಯಾಕೆ ಬರೆದಿರಿ?"

"ಎಂಜಿನಿಯರ್ ಇಲ್ಲದಿದ್ದರೆ ಟ್ರ್ಯಾಕಿಗೆ ಲೈಸೆನ್ಸ್ ಇಲ್ಲ. ಲೈಸೆನ್ಸ್ ಇಲ್ಲದಿದ್ದರೆ ಸಣ್ಣಪುಟ್ಟ ರೇಸೂ ಇಲ್ಲ, ಜಾಮೀನೂ ಇಲ್ಲ. ಜಾಹೀರಾತು ಹಾಕಿ ಎರಡು ತಿಂಗಳಾಯಿತು, ಒಬ್ಬರೂ ಬರಲಿಲ್ಲ. ನಿಮ್ಮವರು ಬರುತ್ತೇನೆ ಅಂತಲಾದರೂ ಅಂದಿದ್ದರು."

ಅಷ್ಟು ದೂರದಿಂದ ಹೊತ್ತು ತಂದ ಸಿಟ್ಟನ್ನು ಎಲ್ಲಿ ಇಳಿಸಬೇಕೋ ತಿಳಿಯಲಿಲ್ಲ. ಇದ್ದದ್ದನ್ನು ಇದ್ದಂತೆ ಮುಖದ ಮೇಲೆ ಹೇಳುವ ಮನುಷ್ಯ ಎಂದು ನನ್ನ ಗಂಡ ಆರು ವರ್ಷ ಹೊಗಳಿದ ಹಾರ್ಮ್ ಇವರೇ.

"ಗುರುವಾರದವರೆಗೆ ಬಿಡಿ," ಎಂದರು. "ಮತ ಬಿದ್ದುಬಿಡಲಿ. ಆಮೇಲೆ ಯಾರನ್ನಾದರೂ ಹುಡುಕುತ್ತೇನೆ."

ಐದೇ ದಿನ. ಹೂಂ ಅನ್ನಬಹುದಿತ್ತು. ಪ್ರೊಬೇಶನ್ ನೆನಪಾಯಿತು, ಪರವಾನಗಿ ನೆನಪಾಯಿತು, ಶ್ರಾವ್ಯಳ ಶಾಲೆ ನೆನಪಾಯಿತು. "ಆಗುವುದಿಲ್ಲ," ಎಂದೆ.

ಹಾರ್ಮ್ ಮತ್ತೆ ಕೇಳಲಿಲ್ಲ. ಯೋಜನೆಯ ಪ್ರತಿ ತೆಗೆದು, ಅಡಿಪಟ್ಟಿ ಇಟ್ಟು, ಹೆಸರಿನ ಮೇಲೆ ನೇರವಾಗಿ ಗೆರೆ ಎಳೆದರು. ಆಗ ಆ ಹೆಸರು ನೋಡಿದೆ. ಈ ದೇಶದಲ್ಲಿ ಎಲ್ಲರಿಗೂ ನನ್ನ ಗಂಡ 'ಸಾಮ್'. ಬ್ಯಾಂಕಿನವರು ಒಂದು ಅಕ್ಷರ ನುಂಗಿದರೆ ವಿಮೆಯವರು ಎರಡು ನುಂಗುತ್ತಾರೆ. ಹಾರ್ಮ್ ಮಾತ್ರ ಸೋಮಶೇಖರ ಮಹಾಂತಪ್ಪ ಬೂದಿಹಾಳ ಎಂದು ಒಂದಕ್ಷರ ತಪ್ಪದೆ, ಅಪ್ಪನ ಹೆಸರೂ ಬಿಡದೆ ಬರೆದಿದ್ದರು. ನಾನು ನೋಡುತ್ತಿದ್ದುದು ಅವರಿಗೆ ಗೊತ್ತಾಯಿತು.

"ಹಳೇ ಫೈಲಿನಲ್ಲಿ ಪಾಸ್‌ಪೋರ್ಟಿನ ಪ್ರತಿ ಇತ್ತು," ಎಂದರು. "ಸುಳ್ಳನ್ನಾದರೂ ಸರಿಯಾಗಿ ಬರೆಯಬೇಕಲ್ಲ."

ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಪುರಸಭೆಗೆ ಒಂದೇ ಸಾಲು ಟೈಪ್ ಮಾಡಿದರು. ಕಳಿಸುವ ಮುಂಚೆ ನನಗೆ ಓದಿ ಹೇಳಿದರು: "ನಮ್ಮಲ್ಲಿ ಟ್ರ್ಯಾಕ್ ಎಂಜಿನಿಯರ್ ಇಲ್ಲ." ಸರಿಯಾಗಿದೆಯೇ ಎಂದು ಕೇಳಿದರು. ಸರಿಯಾಗಿದೆ ಎಂದೆ. ನಮ್ಮಲ್ಲಿ ಸಾವಿನ ಮನೆಯಿಂದ ಏಳುವಾಗ ಏನೂ ಹೇಳದೆ ಏಳುತ್ತಾರೆ. ನಾನೂ ಹಾಗೇ ಎದ್ದು ಬಂದೆ.

ಇವರು ಕಾರಿನಲ್ಲಿ ಸ್ಟಿಯರಿಂಗ್ ಹಿಡಿದುಕೊಂಡೇ ಕೂತಿದ್ದರು.

"ಹೇಳಿದ್ಯಾ?"

"ಹೇಳ್ದೆ."

"ಏನಂದ್ರು?"

ಹಾರ್ಮ್ ಗೊತ್ತಿದ್ದೂ ಬರೆದರು ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ. ಇವರ ಪಾಲಿಗೆ ಆ ಮನುಷ್ಯನಾದರೂ ಇದ್ದಂತೆಯೇ ಉಳಿಯಲಿ ಎಂದುಕೊಂಡೆ.

"ಏನೂ ಅನ್ಲಿಲ್ಲ. ನಿಮ್ಮ ಪೂರಾ ಹೆಸರು ತಪ್ಪಿಲ್ದ ಬರದಿದ್ರು. ಹೊಡದು ಹಾಕಿದ್ರು."

ಇವರು ಬಾಗಿಲು ತೆಗೆದು ಇಳಿದರು. ಟ್ರ್ಯಾಕಿನವರೆಗೆ ನಡೆದು ಹೋಗಿ, ಬಗ್ಗಿ, ಡಾಂಬರಿನ ಮೇಲಿನ ಮರಳನ್ನು ಕೈಯಿಂದ ಸರಿಸಿದರು. ಸರಿಸಿದಷ್ಟೂ ಬಂದು ಬೀಳುತ್ತಿತ್ತು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ನನ್ನ ಗಂಡ ಅತ್ತದ್ದನ್ನು ಅವತ್ತು ಮೊದಲ ಸಲ ನೋಡಿದೆ. ಹತ್ತಿರ ಹೋಗಲು ನನಗೆ ಮುಖವಿರಲಿಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಅನ್ನುತ್ತಾರೆ. ಆ ಕಡ್ಡಿಯನ್ನು ಕಿತ್ತುಕೊಂಡು ಬಂದವಳು ನಾನು.

ಗುರುವಾರದ ಸಭೆ ಹತ್ತೇ ನಿಮಿಷದಲ್ಲಿ ಮುಗಿಯಿತೆಂದು, ಜಾಮೀನು ಸಿಗಲಿಲ್ಲವೆಂದು ಪೇಪರಿನಲ್ಲಿ ಓದಿದೆ. ತಿಂಗಳ ಕೊನೆಗೆ ಇವರ ಪ್ರೊಬೇಶನ್ನೂ ಮುಗಿದು ಕೆಲಸ ಕಾಯಂ ಆಯಿತು. ಅವತ್ತು ಸಿಹಿಗೆಂದು ಗೋಧಿ ಹುಗ್ಗಿ ಮಾಡಿದೆ. ಶ್ರಾವ್ಯ ಒಬ್ಬಳೇ ಉಂಡಳು.